ವಿಲ್ಹೆಲ್ಮ್ ಓಸ್ಟ್‌ವಾಲ್ಡ್

ಫ್ರೀಡ್ರಿಶ್ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ (2 ಸೆಪ್ಟೆಂಬರ್ 1853 – 4 ಏಪ್ರಿಲ್ 1932) ಜರ್ಮನ್ ರಸಾಯನವಿಜ್ಞಾನಿ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಮತ್ತು ನೆದರ್ಲೆಂಡ್ಸಿನ ಯಾಕೋಬಸ್ ವಾಂಟ್ ಹಾಫ್ ಅವರೊಡನೆ ಇವರನ್ನು ಭೌತರಸಾಯನ ವಿಜ್ಞಾನದ ಸ್ಥಾಪಕರೆಂದು ಪರಿಗಣಿಸಲಾಗಿದೆ. ಕ್ರಿಯಾವರ್ಧನೆ, ರಾಸಾಯನಿಕ ಸಮತೋಲ ಹಾಗೂ ಕ್ರಿಯಾವೇಗಗಳನ್ನು ಕುರಿತ ಸಂಶೋಧನೆಗಾಗಿ 1909ರಲ್ಲಿ ಇವರಿಗೆ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು. ಆಮ್ಲ ಮತ್ತು ಪ್ರತ್ಯಾಮ್ಲಗಳ ಅನುಮಾಪನದಲ್ಲಿ ಬಳಸುವ ಸೂಚಕಗಳು ಏಕೆ ಬಣ್ಣ ಬದಲಿಸುತ್ತವೆ ಎಂಬ ಪ್ರಶ್ನೆಗೆ ಅಯಾನುಗಳ ಆಧಾರದ ಮೇಲೆ ಮೊದಲು ಉತ್ತರ ನೀಡಿದವರೂ ಇವರೇ. ಆ ಉತ್ತರದ ಒಂದು ಭಾಗ ಮುಂದೆ ತಿದ್ದುಪಡಿಗೆ ಒಳಗಾಯಿತು. ಆದರೂ ಯಾವ ಅನುಮಾಪನಕ್ಕೆ ಯಾವ ಸೂಚಕ ತಕ್ಕುದೆಂಬುದನ್ನು ಇಂದಿಗೂ ಅದೇ ದಾರಿಯಲ್ಲಿ ನಿರ್ಧರಿಸಲಾಗುತ್ತದೆ.

ಜನನ ಮತ್ತು ಬಾಲ್ಯ

ಓಸ್ಟ್‌ವಾಲ್ಡರು ಬಾಲ್ಟಿಕ್ ತೀರದ ರೀಗಾ ನಗರದಲ್ಲಿ ಜನಿಸಿದರು. ಇಂದು ಲಾಟ್ವಿಯಾದ ರಾಜಧಾನಿಯಾಗಿರುವ ಈ ನಗರ ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿತ್ತು. ಇವರದು ಅಲ್ಲಿ ನೆಲೆಸಿದ್ದ ಜರ್ಮನ್ ಭಾಷಿಕರ ಕುಟುಂಬ. ತಂದೆ ಗಾಟ್‌ಫ್ರೀಡ್ ಓಸ್ಟ್‌ವಾಲ್ಡ್ ಮರದ ಪೀಪಾಯಿಗಳನ್ನು ತಯಾರಿಸುವ ಕುಶಲಕರ್ಮಿ, ತಾಯಿ ಎಲಿಜಬೆತ್. ಮೂವರು ಗಂಡುಮಕ್ಕಳಲ್ಲಿ ವಿಲ್ಹೆಲ್ಮ್ ಎರಡನೆಯವರು.

ಬಾಲಕ ವಿಲ್ಹೆಲ್ಮ್‌ನಿಗೆ ಶಾಲೆಯ ಪಾಠಗಳಿಗಿಂತ ಕೈಯಿಂದ ಮಾಡಿ ನೋಡುವ ಕೆಲಸಗಳಲ್ಲಿ ಹೆಚ್ಚು ಆಸಕ್ತಿ. ಹನ್ನೊಂದರ ವಯಸ್ಸಿನಲ್ಲಿ ತಾನೇ ಪಟಾಕಿ ಬಾಣಗಳನ್ನು ತಯಾರಿಸಿದ. ಛಾಯಾಚಿತ್ರ ತೆಗೆಯುವುದನ್ನು ಕಲಿತ. ಬಣ್ಣಗಳನ್ನು ಅರೆದು ಚಿತ್ರ ಬರೆಯುವ ಹವ್ಯಾಸವೂ ಇತ್ತು. ಇಂಥ ಗೀಳುಗಳಿಂದಾಗಿ ಐದು ವರ್ಷಗಳಲ್ಲಿ ಮುಗಿಯಬೇಕಿದ್ದ ಪ್ರೌಢಶಾಲಾ ವ್ಯಾಸಂಗಕ್ಕೆ ಏಳು ವರ್ಷ ಹಿಡಿಯಿತು. ಬಾಲ್ಯದ ಈ ಬಣ್ಣಗಳ ಒಲವು ಬಾಳಿನ ಕೊನೆಯವರೆಗೂ ಅವರೊಡನೆ ಉಳಿಯಿತು.

ಉನ್ನತ ವ್ಯಾಸಂಗ

1872ರಲ್ಲಿ ಓಸ್ಟ್‌ವಾಲ್ಡರು ಡೋರ್ಪಾಟ್ ವಿಶ್ವವಿದ್ಯಾಲಯವನ್ನು ಸೇರಿದರು. ಈಗ ಎಸ್ಟೋನಿಯಾದಲ್ಲಿರುವ ಆ ಊರಿನ ಹೆಸರು ಟಾರ್ಟು. ಅಲ್ಲಿ ಕಾರ್ಲ್ ಸ್ಮಿಟ್ ಅವರಲ್ಲಿ ರಸಾಯನವಿಜ್ಞಾನವನ್ನೂ ಆರ್ಥರ್ ಫಾನ್ ಓಟಿಂಗೆನ್ ಅವರಲ್ಲಿ ಭೌತವಿಜ್ಞಾನವನ್ನೂ ಅಭ್ಯಾಸ ಮಾಡಿ 1878ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಎರಡು ಆಮ್ಲಗಳು ಒಂದೇ ಪ್ರತ್ಯಾಮ್ಲಕ್ಕಾಗಿ ಪೈಪೋಟಿ ನಡೆಸಿದಾಗ ಯಾವುದರ ಪಾಲಿಗೆ ಎಷ್ಟು ದೊರೆಯುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ಇದನ್ನು ರಾಸಾಯನಿಕ ವಿಶ್ಲೇಷಣೆಯಿಂದ ತಿಳಿಯಲು ಬಾರದು. ದ್ರಾವಣಕ್ಕೆ ಮತ್ತೊಂದು ವಸ್ತುವನ್ನು ಬೆರೆಸಿದೊಡನೆ ಅಲ್ಲಿನ ಸಮತೋಲವೇ ಕದಡಿಹೋಗುತ್ತದೆ. ಆದ್ದರಿಂದ ಓಸ್ಟ್‌ವಾಲ್ಡರು ದ್ರಾವಣವನ್ನು ಕದಡದೆ, ಅದರ ಗಾತ್ರದಲ್ಲಿ ಮತ್ತು ಬೆಳಕನ್ನು ವಕ್ರೀಭವಿಸುವ ಗುಣದಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸಗಳನ್ನು ಅಳೆದರು. ರಸಾಯನದ ಪ್ರಶ್ನೆಗೆ ಭೌತವಿಜ್ಞಾನದ ಅಳತೆಯಿಂದ ಉತ್ತರ ಹುಡುಕುವ ಈ ಕ್ರಮವೇ ಮುಂದೆ ಅವರ ಜೀವನದ ಮುಖ್ಯ ಕಾರ್ಯವಾಯಿತು.

1880ರಲ್ಲಿ ಹೆಲೆನ್ ಫಾನ್ ರೇಹರ್ ಅವರೊಡನೆ ವಿವಾಹವಾಯಿತು. ದಂಪತಿಗಳಿಗೆ ಐವರು ಮಕ್ಕಳು. ಅವರಲ್ಲಿ ವೂಲ್ಫ್‌ಗಾಂಗ್ ಓಸ್ಟ್‌ವಾಲ್ಡ್ ಮುಂದೆ ಕಲಿಲ ರಸಾಯನವಿಜ್ಞಾನದಲ್ಲಿ ಹೆಸರು ಮಾಡಿದರು.

ರೀಗಾ: ಅರ್ಹೇನಿಯಸ್‌ರ ಪ್ರಬಂಧ

1882ರಿಂದ ಓಸ್ಟ್‌ವಾಲ್ಡರು ರೀಗಾ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. 1884ರ ಬೇಸಿಗೆಯಲ್ಲಿ ಸ್ವೀಡನ್ನಿನ ಉಪ್ಸಾಲಾದಿಂದ ಅವರಿಗೆ ಒಂದು ಡಾಕ್ಟರೇಟ್ ಪ್ರಬಂಧ ಬಂದಿತು. ಬರೆದವರು ಇಪ್ಪತ್ತೈದರ ಹರೆಯದ ಸ್ವಾಂಟೆ ಅರ್ಹೇನಿಯಸ್. ಅವರ ವಿಶ್ವವಿದ್ಯಾಲಯ ಈ ಪ್ರಬಂಧಕ್ಕೆ ತೀರ ಕೆಳಗಿನ ದರ್ಜೆಯನ್ನು ನೀಡಿತ್ತು. ಆಮ್ಲಗಳ ರಾಸಾಯನಿಕ ಪ್ರಬಲತೆಗೂ ಅವುಗಳ ದ್ರಾವಣಗಳ ವಿದ್ಯುದ್ವಾಹಕತೆಗೂ ನೇರ ಸಂಬಂಧವಿದೆ ಎಂಬುದು ಅದರ ಒಂದು ಮುಖ್ಯ ನಿರ್ಣಯ.

ಪ್ರಬಂಧ ಕೈಸೇರಿದ ದಿನವೇ ತಮಗೆ ವಿಪರೀತ ಹಲ್ಲುನೋವು ಕಾಡಿತ್ತೆಂದೂ ಮನೆಯಲ್ಲಿ ಹೆಣ್ಣುಮಗು ಹುಟ್ಟಿತ್ತೆಂದೂ ಓಸ್ಟ್‌ವಾಲ್ಡರು ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ತಮ್ಮಲ್ಲಿದ್ದ ಆಮ್ಲಗಳ ವಾಹಕತೆಯನ್ನು ಒಂದೊಂದಾಗಿ ಅಳೆದು, ಹಿಂದೆ ಬೇರೆ ವಿಧಾನಗಳಿಂದ ತಾವೇ ಪಡೆದಿದ್ದ ಅಂಕಿಗಳೊಡನೆ ಹೋಲಿಸಿದರು. ಎರಡೂ ತಾಳೆಯಾದವು. ಅದೇ ಬೇಸಿಗೆಯಲ್ಲಿ ಉಪ್ಸಾಲಾಕ್ಕೆ ಪ್ರಯಾಣ ಮಾಡಿ ಅರ್ಹೇನಿಯಸ್‌ರನ್ನು ಕಂಡು, ರೀಗಾದಲ್ಲಿ ಕೆಲಸ ನೀಡುವುದಾಗಿ ತಿಳಿಸಿದರು. ಹೊರಗಿನ ಪ್ರಾಧ್ಯಾಪಕರೊಬ್ಬರ ಈ ಮನ್ನಣೆಯ ನಂತರ ಅರ್ಹೇನಿಯಸ್‌ರಿಗೆ ತಮ್ಮ ವಿಶ್ವವಿದ್ಯಾಲಯದಲ್ಲಿಯೇ ಬೋಧಕ ಹುದ್ದೆ ದೊರೆಯಿತು.

ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳು ನೀರಿನಲ್ಲಿ ಕರಗಿದಾಗ ತಾವಾಗಿಯೇ ವಿದ್ಯುದಾವೇಶವುಳ್ಳ ಅಯಾನುಗಳಾಗಿ ಬೇರ್ಪಡುತ್ತವೆ ಎಂಬ ಪೂರ್ಣರೂಪದ ಸಿದ್ಧಾಂತವನ್ನು ಅರ್ಹೇನಿಯಸ್‌ 1887ರಲ್ಲಿ ಪ್ರಕಟಿಸಿದರು. ಆ ಲೇಖನ ಬಂದದ್ದು ಓಸ್ಟ್‌ವಾಲ್ಡ್ ಮತ್ತು ವಾಂಟ್ ಹಾಫ್ ಸೇರಿ ಅದೇ ವರ್ಷ ಆರಂಭಿಸಿದ್ದ ಭೌತರಸಾಯನ ವಿಜ್ಞಾನದ ನಿಯತಕಾಲಿಕದಲ್ಲಿ.

ಲೈಪ್‌ಜಿಗ್

1887ರಲ್ಲಿ ಓಸ್ಟ್‌ವಾಲ್ಡರು ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಭೌತರಸಾಯನ ವಿಜ್ಞಾನದ ಪ್ರಾಧ್ಯಾಪಕರಾದರು. ಮುಂದಿನ ವರ್ಷ ದುರ್ಬಲ ಆಮ್ಲಗಳನ್ನು ಕುರಿತ ದುರ್ಬಲೀಕರಣ ನಿಯಮವನ್ನು ಮಂಡಿಸಿದರು. ಹೈಡ್ರೋಕ್ಲೋರಿಕ್ ಆಮ್ಲದಂತಹ ಪ್ರಬಲ ಆಮ್ಲ ನೀರಿನಲ್ಲಿ ಹೆಚ್ಚುಕಡಿಮೆ ಸಂಪೂರ್ಣವಾಗಿ ಅಯಾನುಗಳಾಗಿ ಒಡೆಯುತ್ತದೆ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದಂತಹ ದುರ್ಬಲ ಆಮ್ಲದಲ್ಲಿ ಒಡೆಯುವುದು ಅಲ್ಪ ಭಾಗ ಮಾತ್ರ. ದ್ರಾವಣವನ್ನು ತೆಳುಗೊಳಿಸಿದಂತೆ ಆ ಭಾಗ ಹೆಚ್ಚುತ್ತದೆ. ಎಷ್ಟು ಹೆಚ್ಚುತ್ತದೆ ಎಂಬುದನ್ನು ಪ್ರತಿಯೊಂದು ಆಮ್ಲಕ್ಕೂ ವಿಶಿಷ್ಟವಾದ ಒಂದು ಸ್ಥಿರಾಂಕದಿಂದ ಲೆಕ್ಕಹಾಕಬಹುದೆಂದು ಈ ನಿಯಮ ತೋರಿಸಿತು. ಸೂಚಕಗಳ ಒಗಟನ್ನು ಬಿಡಿಸಲು ಬೇಕಾಗಿದ್ದ ಸಾಧನ ಇದೇ.

ಲೈಪ್‌ಜಿಗ್‌ನ ಅವರ ಪ್ರಯೋಗಾಲಯಕ್ಕೆ ಅನೇಕ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ವಾಲ್ಟರ್ ನೆರ್ನ್‌ಸ್ಟ್ ಅಲ್ಲಿ ಸಹಾಯಕರಾಗಿದ್ದರು. ಅಮೆರಿಕದ ಗಿಲ್ಬರ್ಟ್ ಲೂಯಿಸ್, ಬ್ರಿಟನ್ನಿನ ಫ್ರೆಡರಿಕ್ ಡೊನಾನ್, ಮುಂದೆ ಗ್ಲುಟಮೇಟ್ ಲವಣದ ರುಚಿಯನ್ನು ಗುರುತಿಸಿದ ಜಪಾನಿನ ಕಿಕುನಾಯೆ ಇಕೆಡಾ ಮೊದಲಾದವರು ಅಲ್ಲಿ ಕಲಿತರು.

ಸೂಚಕಗಳ ಸಿದ್ಧಾಂತ

ಹಿನ್ನೆಲೆ

ಆಮ್ಲ ಮತ್ತು ಕ್ಷಾರಗಳ ಸಂಪರ್ಕದಿಂದ ಸಸ್ಯಗಳ ಬಣ್ಣ ಬದಲಾಗುವುದು ಬಹು ಹಿಂದಿನಿಂದಲೂ ಜನರಿಗೆ ತಿಳಿದ ಸಂಗತಿ. ನಮ್ಮ ಮನೆಗಳಲ್ಲಿ ಆರತಿಗಾಗಿ ಅರಿಶಿನದ ನೀರಿಗೆ ಸುಣ್ಣ ಕದಡಿದಾಗ ಅದು ಕೆಂಪಾಗುವುದು ಇಂಥದೇ ಕ್ರಿಯೆ. ಯುರೋಪಿನಲ್ಲಿ ರಾಬರ್ಟ್ ಬಾಯ್ಲ್ 1664ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ನೇರಳೆ ಹೂವಿನ ಪಾಕ ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ಹಸಿರಾಗಿಯೂ ತಿರುಗುವುದನ್ನು ವಿವರಿಸಿದ್ದರು. ಕಲ್ಲುಹೂವಿನಿಂದ ತೆಗೆಯುವ ಲಿಟ್ಮಸ್‌ನ್ನು 1767ರಲ್ಲಿ ವಿಲಿಯಂ ಲೂಯಿಸ್ ಪೊಟ್ಯಾಶ್‌ನ ಸತ್ವವನ್ನು ಅಳೆಯಲು ಬಳಸಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಸೋಡಾ, ಸಾಬೂನು, ಬಟ್ಟೆ ಬಿಳುಪು ಮಾಡುವ ಉದ್ಯಮಗಳು ಬೆಳೆದಂತೆ ಕೊಂಡ ಸರಕಿನಲ್ಲಿ ಆಮ್ಲ ಅಥವಾ ಕ್ಷಾರ ನಿಜವಾಗಿ ಎಷ್ಟಿದೆ ಎಂದು ತಿಳಿಯುವುದು ಹಣದ ಪ್ರಶ್ನೆಯಾಯಿತು. ಇದಕ್ಕೆ ಒದಗಿದ ವಿಧಾನವೇ ಟೈಟ್ರೇಷನ್ ಎಂದು ಕರೆಯುವ ಅನುಮಾಪನ. ಪ್ರಮಾಣ ತಿಳಿದಿರುವ ದ್ರಾವಣವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು, ಸೂಚಕದ ಬಣ್ಣ ಬದಲಾದ ಕ್ಷಣದಲ್ಲಿ ನಿಲ್ಲಿಸಿ, ಖರ್ಚಾದ ಗಾತ್ರದಿಂದ ಲೆಕ್ಕ ಮಾಡುವುದು ಇದರ ಕ್ರಮ. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫಿನಾಲ್ಫ್ತಲೀನನ್ನು ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಅದೂ ಮೀಥೈಲ್ ಆರೆಂಜ್ ಎಂಬ ಬಣ್ಣವೂ ಸೂಚಕಗಳಾಗಿ ಬಳಕೆಗೆ ಬಂದವು.

ಆದರೆ ತೊಡಕೊಂದಿತ್ತು. ಒಂದೇ ದ್ರಾವಣವನ್ನು ಎರಡು ಬೇರೆ ಸೂಚಕಗಳಿಂದ ಅಳೆದಾಗ ಕೆಲವೊಮ್ಮೆ ಎರಡು ಬೇರೆ ಉತ್ತರಗಳು ಬರುತ್ತಿದ್ದವು. ಯಾವುದು ಸರಿ ಎಂಬುದನ್ನು ಅನುಭವದಿಂದ ಮಾತ್ರ ನಿರ್ಣಯಿಸಬೇಕಾಗಿತ್ತು, ಕಾರಣ ತಿಳಿದಿರಲಿಲ್ಲ.

ಓಸ್ಟ್‌ವಾಲ್ಡರ ವಿವರಣೆ

ವಿಶ್ಲೇಷಣಾತ್ಮಕ ರಸಾಯನವಿಜ್ಞಾನದ ವೈಜ್ಞಾನಿಕ ತಳಹದಿಯನ್ನು ಕುರಿತು 1894ರಲ್ಲಿ ಪ್ರಕಟಿಸಿದ ಸಣ್ಣ ಗ್ರಂಥದಲ್ಲಿ ಓಸ್ಟ್‌ವಾಲ್ಡರು ಇದಕ್ಕೆ ಉತ್ತರವಿತ್ತರು. ಅವರ ವಿವರಣೆಯ ಸಾರ ಹೀಗಿದೆ: ಸೂಚಕವೂ ಒಂದು ದುರ್ಬಲ ಆಮ್ಲ ಅಥವಾ ದುರ್ಬಲ ಪ್ರತ್ಯಾಮ್ಲ. ಅದರ ಇಡಿಯಾದ ಅಣುವಿನ ಬಣ್ಣ ಒಂದು, ಒಡೆದು ಉಂಟಾದ ಅಯಾನಿನ ಬಣ್ಣ ಮತ್ತೊಂದು. ದ್ರಾವಣದಲ್ಲಿ ಇವೆರಡರ ನಡುವೆ ಸಮತೋಲವಿರುತ್ತದೆ.

ಫಿನಾಲ್ಫ್ತಲೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆಮ್ಲೀಯ ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳು ಹೇರಳವಾಗಿರುವುದರಿಂದ ಸೂಚಕದ ಅಣುಗಳು ಒಡೆಯಲಾರವು. ಇಡಿಯಾದ ಅಣುವಿಗೆ ಬಣ್ಣವಿಲ್ಲದ ಕಾರಣ ದ್ರಾವಣವೂ ನಿರ್ವರ್ಣವಾಗಿರುತ್ತದೆ. ಕ್ಷಾರವನ್ನು ಬಿಟ್ಟಂತೆ ಹೈಡ್ರೋಜನ್ ಅಯಾನುಗಳು ಕಡಿಮೆಯಾಗುತ್ತವೆ. ಮೂಲ ಆಮ್ಲ ಮುಗಿದ ಮೇಲೆ ಬರುವ ಕ್ಷಾರ ಸೂಚಕದ ಅಣುಗಳೊಡನೆ ವರ್ತಿಸಿ, ಅವನ್ನು ಗುಲಾಬಿ ಬಣ್ಣದ ಅಯಾನುಗಳಾಗಿ ಪರಿವರ್ತಿಸುತ್ತದೆ. ಸೂಚಕ ದುರ್ಬಲವಾಗಿರಲೇಬೇಕಾದ ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ. ಅದು ಪ್ರಬಲ ಆಮ್ಲವಾಗಿದ್ದರೆ ಆರಂಭದಲ್ಲಿಯೇ ಒಡೆದು ಬಣ್ಣ ತೋರಿಸುತ್ತಿತ್ತು. ತನ್ನ ಸರದಿಗಾಗಿ ಕಾಯುತ್ತಿರಲಿಲ್ಲ. ಕೆಲವೇ ಹನಿ ಸೂಚಕ ಸಾಕೆನ್ನುವುದಕ್ಕೂ ಇದೇ ಕಾರಣ: ಸೂಚಕವೂ ಕ್ಷಾರವನ್ನು ಬಳಸಿಕೊಳ್ಳುವುದರಿಂದ ಅದು ಹೆಚ್ಚಾದರೆ ಅಳತೆ ತಪ್ಪುತ್ತದೆ.

ಸೂಚಕದ ಆಯ್ಕೆ

ಪ್ರತಿಯೊಂದು ಸೂಚಕಕ್ಕೂ ತನ್ನದೇ ಸ್ಥಿರಾಂಕ ಇರುವುದರಿಂದ ಅವು ಒಂದೇ ಹಂತದಲ್ಲಿ ಬಣ್ಣ ಬದಲಿಸುವುದಿಲ್ಲ. ಹೈಡ್ರೋಜನ್ ಅಯಾನುಗಳ ಸಾರತೆಯನ್ನು ಸೂಚಿಸಲು ಡೆನ್ಮಾರ್ಕಿನ ಸೋರೆನ್ಸೆನ್ 1909ರಲ್ಲಿ ರೂಪಿಸಿದ ಪಿಎಚ್ ಮಾನದಲ್ಲಿ ಇದನ್ನು ಸುಲಭವಾಗಿ ಹೇಳಬಹುದು. ಮೀಥೈಲ್ ಆರೆಂಜ್ ಸುಮಾರು 3.1ರಲ್ಲಿ ಕೆಂಪಾಗಿದ್ದು 4.4ರ ವೇಳೆಗೆ ಹಳದಿಯಾಗುತ್ತದೆ. ಲಿಟ್ಮಸ್ ಸುಮಾರು 5ರಿಂದ 8ರ ನಡುವೆ ಕೆಂಪಿನಿಂದ ನೀಲಿಗೆ ತಿರುಗುತ್ತದೆ. ಫಿನಾಲ್ಫ್ತಲೀನ್ ಸುಮಾರು 8.3ರಿಂದ 10ರ ನಡುವೆ ಗುಲಾಬಿಯಾಗುತ್ತದೆ. ಎರಡು ಬಣ್ಣಗಳು ಬೆರೆತಿರುವಾಗ ಒಂದು ಇನ್ನೊಂದರ ಸುಮಾರು ಹತ್ತರಷ್ಟಾದಾಗ ಮಾತ್ರ ಕಣ್ಣಿಗೆ ಶುದ್ಧ ಬಣ್ಣದಂತೆ ಕಾಣುವುದರಿಂದ, ಬದಲಾವಣೆ ಒಂದು ಬಿಂದುವಿನಲ್ಲಿ ಆಗದೆ ಹೀಗೆ ಒಂದು ವ್ಯಾಪ್ತಿಯಲ್ಲಿ ಆಗುತ್ತದೆ.

25 ಮಿಲಿಲೀಟರ್ ಡೆಸಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಷ್ಟೇ ಸಾರತೆಯ ಸೋಡಿಯಂ ಹೈಡ್ರಾಕ್ಸೈಡಿನಿಂದ ಅನುಮಾಪನ ಮಾಡುತ್ತಿದ್ದೇವೆ ಎನ್ನೋಣ. ಪೂರ್ಣ ತಟಸ್ಥವಾಗಲು ಒಂದು ಹನಿ, ಎಂದರೆ ಸುಮಾರು 0.05 ಮಿಲಿಲೀಟರ್, ಬಾಕಿ ಇರುವಾಗ ಪಿಎಚ್ ಸುಮಾರು 4. ಒಂದು ಹನಿ ಹೆಚ್ಚಾದಾಗ ಸುಮಾರು 10. ಎರಡೇ ಹನಿಗಳಲ್ಲಿ ಇಷ್ಟು ದೊಡ್ಡ ನೆಗೆತವಾಗುವುದರಿಂದ ಮೇಲಿನ ಯಾವ ಸೂಚಕವನ್ನು ಬಳಸಿದರೂ ಉತ್ತರದಲ್ಲಿ ಹೆಚ್ಚಿನ ವ್ಯತ್ಯಾಸವಾಗದು.

ಹೈಡ್ರೋಕ್ಲೋರಿಕ್ ಆಮ್ಲದ ಬದಲು ಅದೇ ಸಾರತೆಯ ಅಸಿಟಿಕ್ ಆಮ್ಲವಿದ್ದರೆ ಸ್ಥಿತಿ ಬೇರೆ. ಆಗ ತಟಸ್ಥೀಕರಣ ಪೂರ್ಣವಾಗುವುದು ಪಿಎಚ್ ಸುಮಾರು 8.7ರಲ್ಲಿ. ಇದಕ್ಕೆ ಫಿನಾಲ್ಫ್ತಲೀನ್ ತಕ್ಕುದು. ಮೀಥೈಲ್ ಆರೆಂಜ್ ಬಳಸಿದರೆ ಆಮ್ಲದ ಮೂರನೆಯ ಒಂದು ಭಾಗ ತಟಸ್ಥವಾಗುವ ಮೊದಲೇ ಅದು ಹಳದಿಯಾಗಿಬಿಡುತ್ತದೆ. ಅಮೋನಿಯದಂತಹ ದುರ್ಬಲ ಪ್ರತ್ಯಾಮ್ಲವನ್ನು ಪ್ರಬಲ ಆಮ್ಲದಿಂದ ಅಳೆಯುವಾಗ ಇದಕ್ಕೆ ವಿರುದ್ಧ: ಅಲ್ಲಿ ಫಿನಾಲ್ಫ್ತಲೀನ್ ಸಲ್ಲದು, ಆಮ್ಲೀಯ ವ್ಯಾಪ್ತಿಯಲ್ಲಿ ಬಣ್ಣ ಬದಲಿಸುವ ಸೂಚಕ ಬೇಕು. ದುರ್ಬಲ ಆಮ್ಲವನ್ನು ದುರ್ಬಲ ಪ್ರತ್ಯಾಮ್ಲದಿಂದ ಅಳೆಯುವಾಗ ಪಿಎಚ್‌ನಲ್ಲಿ ನೆಗೆತವೇ ಇರದ ಕಾರಣ ಯಾವ ಸೂಚಕವೂ ನಂಬಲರ್ಹವಲ್ಲ. ವಿದ್ಯಾರ್ಥಿಗಳು ಕೋಷ್ಟಕವಾಗಿ ಕಂಠಪಾಠ ಮಾಡುವ ನಿಯಮಗಳ ಹಿಂದಿರುವ ತರ್ಕ ಇಷ್ಟೇ.

ಸಿದ್ಧಾಂತದ ಮಿತಿ

ಅಯಾನಾಗುವುದೇ ಬಣ್ಣ ಬದಲಾಗಲು ಕಾರಣ ಎಂಬ ಭಾಗವನ್ನು ಮುಂದಿನ ಸಂಶೋಧಕರು ಪ್ರಶ್ನಿಸಿದರು. ಅವರಲ್ಲಿ ಲೈಪ್‌ಜಿಗ್‌ನಲ್ಲಿಯೇ ಪ್ರಾಧ್ಯಾಪಕರಾಗಿದ್ದ ಆರ್ಥರ್ ಹಾನ್ಚ್ ಪ್ರಮುಖರು. ಅಣುವಿನ ಒಳರಚನೆಯಲ್ಲಿ ಆಗುವ ಮಾರ್ಪಾಡೇ ಬಣ್ಣಕ್ಕೆ ಕಾರಣವೆಂಬುದು ಅವರ ವಾದ. ಫಿನಾಲ್ಫ್ತಲೀನ್ ಅಣುವಿನಲ್ಲಿ ಆಮ್ಲೀಯ ಸ್ಥಿತಿಯಲ್ಲಿ ಮುಚ್ಚಿರುವ ಒಂದು ಉಂಗುರ ಕ್ಷಾರದಲ್ಲಿ ಬಿಚ್ಚಿಕೊಳ್ಳುತ್ತದೆ; ಆಗ ಅಣುವಿನುದ್ದಕ್ಕೂ ಇಲೆಕ್ಟ್ರಾನುಗಳು ಹರಡಿಕೊಂಡು ಅದು ಕಣ್ಣಿಗೆ ಕಾಣುವ ಬೆಳಕನ್ನು ಹೀರತೊಡಗುತ್ತದೆ. ಅತಿ ಪ್ರಬಲ ಕ್ಷಾರದಲ್ಲಿ ಫಿನಾಲ್ಫ್ತಲೀನಿನ ಗುಲಾಬಿ ಬಣ್ಣ ಮತ್ತೆ ಮಾಸಿಹೋಗುವುದನ್ನೂ ರಚನೆಯ ಬದಲಾವಣೆಯಿಂದಲೇ ವಿವರಿಸಬೇಕಾಗುತ್ತದೆ.

ಇಂದು ಎರಡು ವಿವರಣೆಗಳನ್ನೂ ಒಟ್ಟಿಗೆ ಸ್ವೀಕರಿಸಲಾಗಿದೆ. ಬಣ್ಣ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಉತ್ತರ ಅಣುರಚನೆಯಲ್ಲಿದೆ. ಯಾವ ಹಂತದಲ್ಲಿ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಓಸ್ಟ್‌ವಾಲ್ಡರ ಸಮತೋಲದಲ್ಲಿದೆ.

ಕ್ರಿಯಾವರ್ಧನೆ ಮತ್ತು ನೈಟ್ರಿಕ್ ಆಮ್ಲ

ಕ್ರಿಯಾವರ್ಧಕವೆಂದರೆ ಕ್ರಿಯೆಯ ವೇಗವನ್ನು ಬದಲಿಸುವ, ಆದರೆ ಅಂತಿಮ ಉತ್ಪನ್ನದಲ್ಲಿ ಸೇರದ ವಸ್ತು ಎಂದು ಓಸ್ಟ್‌ವಾಲ್ಡರು ನಿರೂಪಿಸಿದರು. ಅದು ಸಮತೋಲವನ್ನು ಬೇಗ ತಲುಪಿಸಬಲ್ಲದೇ ಹೊರತು ಸಮತೋಲದ ಸ್ಥಾನವನ್ನು ಬದಲಿಸಲಾರದು. ಈ ತಿಳಿವಳಿಕೆಯ ಫಲವಾಗಿ, ಕಾದ ಪ್ಲಾಟಿನಂ ಲೋಹದ ಮೇಲೆ ಅಮೋನಿಯ ಮತ್ತು ಗಾಳಿಯನ್ನು ಹಾಯಿಸಿ ನೈಟ್ರಿಕ್ ಆಮ್ಲವನ್ನು ಪಡೆಯುವ ವಿಧಾನವನ್ನು ತಮ್ಮ ಸಹಾಯಕ ಎಬರ್‌ಹಾರ್ಡ್ ಬ್ರೌಯರ್ ಅವರೊಡನೆ ಅಭಿವೃದ್ಧಿಪಡಿಸಿ 1902ರಲ್ಲಿ ಪೇಟೆಂಟ್ ಪಡೆದರು. ಓಸ್ಟ್‌ವಾಲ್ಡ್ ವಿಧಾನವೆಂದೇ ಹೆಸರಾದ ಇದು ಇಂದಿಗೂ ರಸಗೊಬ್ಬರ ಉದ್ಯಮದ ಆಧಾರ. ಮೊದಲನೆಯ ಮಹಾಯುದ್ಧದಲ್ಲಿ ಚಿಲಿ ದೇಶದ ಪೆಟ್ಲುಪ್ಪು ಜರ್ಮನಿಗೆ ಬರುವುದು ನಿಂತಾಗ ಸ್ಫೋಟಕಗಳ ತಯಾರಿಕೆಗೆ ನೆರವಾದುದೂ ಇದೇ ವಿಧಾನ.

ಪರಮಾಣುಗಳ ವಿವಾದ

ಅಯಾನುಗಳ ಸಿದ್ಧಾಂತಕ್ಕಾಗಿ ಇಷ್ಟು ಹೋರಾಡಿದ ಓಸ್ಟ್‌ವಾಲ್ಡರು ಬಹುಕಾಲ ಪರಮಾಣುಗಳ ವಾಸ್ತವ ಅಸ್ತಿತ್ವವನ್ನು ಒಪ್ಪಲಿಲ್ಲ. ಪರಮಾಣು ಒಂದು ಅನುಕೂಲಕರ ಕಲ್ಪನೆ ಮಾತ್ರ, ಪ್ರಕೃತಿಯ ಮೂಲತತ್ತ್ವ ಶಕ್ತಿಯೇ ಎಂಬುದು ಅವರ ನಿಲುವಾಗಿತ್ತು. 1895ರಲ್ಲಿ ಲ್ಯೂಬೆಕ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಪರಮಾಣುವಾದಿ ಲುಡ್ವಿಗ್ ಬೋಲ್ಟ್ಸ್‌ಮನ್ ಈ ವಾದವನ್ನು ತೀವ್ರವಾಗಿ ಖಂಡಿಸಿದರು. ಅವರ ವೈಯಕ್ತಿಕ ಸ್ನೇಹ ಮಾತ್ರ ಮುರಿಯಲಿಲ್ಲ. 1900ರಲ್ಲಿ ಬೋಲ್ಟ್ಸ್‌ಮನ್ ಲೈಪ್‌ಜಿಗ್‌ಗೆ ಬಂದು ಕೆಲಕಾಲ ಪ್ರಾಧ್ಯಾಪಕರಾಗಿರಲು ಓಸ್ಟ್‌ವಾಲ್ಡರೇ ಕಾರಣರಾದರು.

ವಿದ್ಯುತ್ ಕಣಗಳನ್ನು ಕುರಿತ ಜೆ. ಜೆ. ಥಾಮ್ಸನ್ ಅವರ ಪ್ರಯೋಗಗಳೂ ದ್ರವದಲ್ಲಿ ತೇಲುವ ಸೂಕ್ಷ್ಮಕಣಗಳ ಚಲನೆಯನ್ನು ಅಳೆದ ಜಾನ್ ಪೆರಿನ್ ಅವರ ಕಾರ್ಯವೂ ಪ್ರಕಟವಾದ ಮೇಲೆ ಓಸ್ಟ್‌ವಾಲ್ಡರು ತಮ್ಮ ನಿಲುವನ್ನು ಬದಲಿಸಿದರು. ಪರಮಾಣುವಿಗೆ ಈಗ ಪ್ರಯೋಗದ ಆಧಾರ ದೊರೆತಿದೆ ಎಂದು 1908ರ ನವೆಂಬರಿನಲ್ಲಿ ತಮ್ಮ ಪಠ್ಯಗ್ರಂಥದ ಹೊಸ ಆವೃತ್ತಿಯ ಮುನ್ನುಡಿಯಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟರಲ್ಲಿ ಬೋಲ್ಟ್ಸ್‌ಮನ್ ತೀರಿಕೊಂಡು ಎರಡು ವರ್ಷಗಳಾಗಿದ್ದವು.

1901ರಲ್ಲಿ ಉದ್ಯೋಗ ಕೋರಿ ಆಲ್ಬರ್ಟ್ ಐನ್‌ಸ್ಟೈನ್ ಬರೆದಿದ್ದ ಪತ್ರಕ್ಕೆ ಓಸ್ಟ್‌ವಾಲ್ಡರಿಂದ ಉತ್ತರ ಹೋಗಿರಲಿಲ್ಲ. 1910ರ ನೊಬೆಲ್ ಪಾರಿತೋಷಕಕ್ಕೆ ಐನ್‌ಸ್ಟೈನ್‌ರ ಹೆಸರನ್ನು ಮೊತ್ತಮೊದಲು ಸೂಚಿಸಿದವರು ಅದೇ ಓಸ್ಟ್‌ವಾಲ್ಡರು.

ನಿವೃತ್ತಿ ಮತ್ತು ಇತರ ಆಸಕ್ತಿಗಳು

1906ರಲ್ಲಿ ವಿಶ್ವವಿದ್ಯಾಲಯದ ಹುದ್ದೆಯನ್ನು ಬಿಟ್ಟು ಲೈಪ್‌ಜಿಗ್ ಸಮೀಪದ ಗ್ರೋಸ್‌ಬೋಥೆನ್ ಗ್ರಾಮದ ತಮ್ಮ ಮನೆಯಲ್ಲಿ ನೆಲೆಸಿದರು. ಆ ಮನೆಗೆ ಅವರಿಟ್ಟ ಹೆಸರು ‘ಎನರ್ಗೀ’, ಎಂದರೆ ಶಕ್ತಿ. ಅಂತರರಾಷ್ಟ್ರೀಯ ಭಾಷೆ, ವಿಜ್ಞಾನದ ಮಾಹಿತಿಯ ಸಂಘಟನೆ, ಶಿಕ್ಷಣ ಸುಧಾರಣೆ ಮೊದಲಾದ ವಿಷಯಗಳಲ್ಲಿ ಅಲ್ಲಿಂದ ದುಡಿದರು. ಎಲ್ಲೆಡೆಯೂ ಒಂದೇ ಅನುಪಾತದ ಕಾಗದದ ಹಾಳೆಗಳನ್ನು ಬಳಸಬೇಕೆಂದು ಪ್ರಚಾರ ಮಾಡಿದರು. ಅವರ ಸಹಾಯಕರಾಗಿದ್ದ ವಾಲ್ಟರ್ ಪೋರ್ಸ್ಟ್‌ಮನ್ ಮುಂದೆ ರೂಪಿಸಿದ ಜರ್ಮನ್ ಮಾನಕದಿಂದಲೇ ಇಂದಿನ ಎ4 ಹಾಳೆ ಬಂದಿದೆ.

ಅಂತರರಾಷ್ಟ್ರೀಯ ಸಹಕಾರವನ್ನು ಪ್ರತಿಪಾದಿಸುತ್ತಿದ್ದ ಓಸ್ಟ್‌ವಾಲ್ಡರು 1914ರಲ್ಲಿ, ಯುದ್ಧದಲ್ಲಿ ಜರ್ಮನಿಯ ನಡೆಯನ್ನು ಸಮರ್ಥಿಸಿ 93 ವಿದ್ವಾಂಸರು ಹೊರಡಿಸಿದ ಹೇಳಿಕೆಗೆ ಸಹಿ ಹಾಕಿದರು. ಇದರಿಂದ ಇತರ ದೇಶಗಳಲ್ಲಿ ಅವರ ಗೌರವಕ್ಕೆ ಧಕ್ಕೆಯಾಯಿತು.

ವರ್ಣಸಿದ್ಧಾಂತ

ಜೀವನದ ಕೊನೆಯ ಎರಡು ದಶಕಗಳನ್ನು ಓಸ್ಟ್‌ವಾಲ್ಡರು ಮುಖ್ಯವಾಗಿ ಬಣ್ಣಗಳ ಅಧ್ಯಯನಕ್ಕೆ ಮೀಸಲಿಟ್ಟರು. ಹಳದಿ, ಕೆಂಪು, ನೀಲಿ, ಹಸಿರು ಈ ನಾಲ್ಕನ್ನು ಆಧಾರವಾಗಿಟ್ಟು 24 ವರ್ಣಗಳ ಚಕ್ರವನ್ನು ರಚಿಸಿದರು. ಯಾವುದೇ ಬಣ್ಣವನ್ನು ಶುದ್ಧ ವರ್ಣ, ಬಿಳುಪು, ಕಪ್ಪು ಇವುಗಳ ಪಾಲಾಗಿ ಅಂಕಿಗಳಲ್ಲಿ ಹೇಳಬಹುದೆಂದು ತೋರಿಸಿ, ಅದರಂತೆ ಜೋಡಿಸಿದ ವರ್ಣಕೋಶವನ್ನು 1917ರಲ್ಲಿ ಹೊರತಂದರು. ಕೆಲವು ಕಲಾವಿದರು ಇದನ್ನು ಸ್ವಾಗತಿಸಿದರೆ, ಕಲೆಯನ್ನು ಲೆಕ್ಕಕ್ಕೆ ಇಳಿಸಲಾಗಿದೆ ಎಂದು ಮತ್ತೆ ಕೆಲವರು ಆಕ್ಷೇಪಿಸಿದರು. ಸ್ವತಃ ಓಸ್ಟ್‌ವಾಲ್ಡರು ಅನೇಕ ನಿಸರ್ಗಚಿತ್ರಗಳನ್ನು ರಚಿಸಿದ್ದಾರೆ.

ನಿಧನ ಮತ್ತು ಸ್ಮರಣೆ

1926–27ರಲ್ಲಿ ಮೂರು ಸಂಪುಟಗಳ ಆತ್ಮಕಥೆಯನ್ನು ಪ್ರಕಟಿಸಿದ ಓಸ್ಟ್‌ವಾಲ್ಡರು 1932ರ ಏಪ್ರಿಲ್ 4ರಂದು ಲೈಪ್‌ಜಿಗ್‌ನಲ್ಲಿ ನಿಧನರಾದರು. ಗ್ರೋಸ್‌ಬೋಥೆನ್‌ನ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರನ್ನಿಡಲಾಗಿದೆ. ಶಾಲಾಕಾಲೇಜುಗಳ ಪ್ರಯೋಗಾಲಯಗಳಲ್ಲಿ ಅಸಿಟಿಕ್ ಆಮ್ಲದ ಅನುಮಾಪನಕ್ಕೆ ಮೀಥೈಲ್ ಆರೆಂಜನ್ನು ಬಿಟ್ಟು ಫಿನಾಲ್ಫ್ತಲೀನನ್ನು ಆರಿಸಿಕೊಳ್ಳುವಾಗ ವಿದ್ಯಾರ್ಥಿಗಳು ಅನುಸರಿಸುವುದು ಅವರು 1894ರಲ್ಲಿ ತೋರಿಸಿಕೊಟ್ಟ ತರ್ಕವನ್ನೇ.